ಹದಿಮೂರನೆಯ ಹೆಸರು

ಚಳ್ಳಕೆರೆ
ವೈಶಾಖದ ನಲವತ್ತೊಂದನೆಯ ದಿನ, ೨೨೩೧

ನಾಗವೇಣಿ ಅಜ್ಜಿಯವರಿಗೆ ತಿಪ್ಪಮ್ಮನ ನಮಸ್ಕಾರಗಳು.

ವೈಶಾಖಕ್ಕೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸಬಹುದು. ನಮ್ಮ ಕಾಲಕ್ಕೆ ಬೇಸಿಗೆ ಉದ್ದವಾಗಿದೆ. ಅದಕ್ಕೆ ತಕ್ಕಂತೆ ತಿಂಗಳನ್ನೂ ಹಿಗ್ಗಿಸಿಕೊಂಡಿದ್ದೇವೆ. ನಿಮ್ಮನ್ನು ಅಜ್ಜಿ ಎಂದದ್ದಕ್ಕೂ ಕ್ಷಮೆಯಿರಲಿ. ಇದು ನಿಮ್ಮ ಕೈಸೇರುವ ಹೊತ್ತಿಗೆ ನಿಮಗೆ ಮೂವತ್ತೊಂದು ವರ್ಷ, ಬರೆಯುತ್ತಿರುವ ನನಗೆ ಅರವತ್ತೆರಡು. ಆದರೂ ನೀವು ನನಗಿಂತ ಎಂಟು ತಲೆಮಾರು ಹಿರಿಯರು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ. ಬಂದ ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ಹೆಸರು, ವಯಸ್ಸು ಬಿಟ್ಟರೆ ನಿಮ್ಮ ಬಗ್ಗೆ ನಮ್ಮ ಮನೆಯಲ್ಲಿ ಉಳಿದಿರುವುದು ಒಂದೇ ಸಂಗತಿ. ಮಗಳನ್ನು ಖಾಸಗಿ ಶಾಲೆಯ ಎಲ್‌ಕೆಜಿಗೆ ಸೇರಿಸಲು ಅರ್ಜಿ ಹಾಕಿ ಹನ್ನೊಂದು ದಿನ ಕಾದಿರಿ, ಆ ಹನ್ನೊಂದು ದಿನವೂ ನೆಟ್ಟಗೆ ಊಟ ಮಾಡಲಿಲ್ಲ ಎಂಬುದು. ಸೀಟು ಸಿಕ್ಕಿತೋ ಇಲ್ಲವೋ ಯಾರಿಗೂ ನೆನಪಿಲ್ಲ. ಕಾದದ್ದು ಮಾತ್ರ ಬಾಯಿಂದ ಬಾಯಿಗೆ ನನ್ನವರೆಗೆ ಬಂದಿದೆ. ಹಾಗಾಗಿ ನಾನು ಕಾದ ಕಥೆಯನ್ನು ನಿಮಗೇ ಬರೆಯಬೇಕೆನ್ನಿಸಿತು.

ನಮ್ಮಲ್ಲಿ ಶಾಲೆಗಳು ಎರಡು ಬಗೆ. ನೆಲಶಾಲೆ ಊರಿನದು, ಎಲ್ಲ ಮಕ್ಕಳಿಗೂ ತೆರೆದಿರುತ್ತದೆ. ಮುಗಿಲುಶಾಲೆ ಖಾಸಗಿಯವರದು. ಕೆರೆಯಷ್ಟು ಅಗಲದ ಬಿಳಿಯ ಬಟ್ಟೆಯ ಗುಡಾರವೊಂದು ಒಳಗೆ ಹಗುರ ಗಾಳಿ ತುಂಬಿಕೊಂಡು ಆಕಾಶದಲ್ಲಿ ತೇಲುವುದನ್ನು ಊಹಿಸಿಕೊಳ್ಳಿ. ನೆಲದ ಕಾವು ಮುಟ್ಟದ ಎತ್ತರದಲ್ಲಿ ಅದು ಚಿತ್ರದುರ್ಗದ ಬೆಟ್ಟಗಳಿಂದ ನಮ್ಮ ಬಯಲಿನವರೆಗೆ ಮೆಲ್ಲಗೆ ಓಡಾಡಿಕೊಂಡಿರುತ್ತದೆ. ಮಕ್ಕಳು ಅಲ್ಲೇ ಉಳಿದು ಓದುತ್ತಾರೆ, ಹುಣ್ಣಿಮೆಗೊಮ್ಮೆ ಮನೆಗೆ ಇಳಿಯುತ್ತಾರೆ. ದಿನವೂ ಮಧ್ಯಾಹ್ನ ಮೂರರ ಸುಮಾರಿಗೆ ಅದು ನಮ್ಮ ಬೀದಿಯ ಮೇಲೆ ಹಾಯುತ್ತದೆ. ಆಗ ಸಿಗುವ ಅರ್ಧ ಗಂಟೆಯ ತಂಪಿಗೆ ನಾವು ನೆರಳುಹೊತ್ತು ಎನ್ನುತ್ತೇವೆ. ಮುಚ್ಚಿದ ಬಾಗಿಲುಗಳು ತೆರೆಯುತ್ತವೆ, ಸೊಪ್ಪಿನವಳು ಕೂಗುತ್ತಾಳೆ, ಮುದುಕರು ಕಟ್ಟೆಗೆ ಬಂದು ಕೂರುತ್ತಾರೆ, ಹಸುಗಳು ಕಣ್ಣು ಮುಚ್ಚಿ ತಲೆಯೆತ್ತುತ್ತವೆ. ಮೇಲಿನಿಂದ ಮಗ್ಗಿ ಹೇಳುವ ಸದ್ದು ಇಳಿದು ಬರುತ್ತದೆ. ಬೇರೆಯವರಿಗೆ ಅದು ಬರೀ ಸದ್ದು. ತಾಯಂದಿರಿಗೆ ತಮ್ಮ ಮಗುವಿನ ದನಿ ಬೇರೆಯಾಗಿ ಕೇಳುತ್ತದಂತೆ.

ಇಪ್ಪತ್ತೆಂಟು ವರ್ಷದ ಹಿಂದೆ ಆ ದನಿ ಕೇಳುವ ಆಸೆ ನನಗೆ ಬಂತು. ನನ್ನ ಮಗಳು ಬೊಮ್ಮಿಗೆ ಆಗ ಐದು ವರ್ಷ. ಬಿಸಿಲೇರಿದರೆ ಅವಳ ಮೂಗಿನಲ್ಲಿ ರಕ್ತ ಸೋರುತ್ತಿತ್ತು. ತಂಪಿನಲ್ಲಿದ್ದರೆ ನಿಂತೀತು ಎಂದು ಡಾಕ್ಟರು ಹೇಳಿದ್ದರು. ತಂಪು ಇದ್ದದ್ದು ಮೇಲೆ. ಪಕ್ಕದ ಮನೆಯ ರುದ್ರಕ್ಕನೂ ತನ್ನ ಮಗಳು ಪಾರಿಗೆ ಅದೇ ಶಾಲೆಗೆ ಅರ್ಜಿ ಹಾಕಿದ್ದಳು. ನಮ್ಮೆರಡು ಮಾಳಿಗೆಗಳ ನಡುವೆ ಮೊಳಕಾಲೆತ್ತರದ ಗೋಡೆ. ಮಕ್ಕಳು ಅದನ್ನು ದಾಟಿ ಯಾವ ಮನೆಯಲ್ಲಿ ಹಸಿವಾಯಿತೋ ಆ ಮನೆಯಲ್ಲೇ ಉಣ್ಣುತ್ತಿದ್ದವು.

ಪರೀಕ್ಷೆಯ ದಿನ ಮಕ್ಕಳನ್ನು ತೊಟ್ಟಿಲಿನಂಥ ಬುಟ್ಟಿಯಲ್ಲಿ ಮೇಲೆ ಕರೆದೊಯ್ದು, ಚಿತ್ರ ಬರೆಸಿ, ಮಾತಾಡಿಸಿ ಕಳಿಸಿದರು. ಕೆಳಗಿಳಿಸುವಾಗ ಮೇಷ್ಟರೊಬ್ಬರು ನನ್ನ ಮುಖ ನೋಡಿ ಮರುಗಿದರೋ ಏನೋ, ಬಗ್ಗಿ ಹೇಳಿದರು: “ಅವ್ವಾ, ಸೀಟು ಹನ್ನೆರಡೇ. ನಿಮ್ಮ ಮಗೂದು ಹದಿಮೂರನೇ ಹೆಸರು. ಯಾರಾದ್ರೂ ಬಿಟ್ರೆ ನಿಮಗೇ ಬರ್ತೈತೆ.”

ಫಲಿತಾಂಶ ಇಳಿಪತ್ರದಲ್ಲಿ ಬರುತ್ತದೆ. ಎಕ್ಕದ ಬೀಜ ಅರಳೆಗೆ ಜೋತುಬಿದ್ದು ಗಾಳಿಯಲ್ಲಿ ತೇಲುವುದನ್ನು ನೀವೂ ಕಂಡಿರುತ್ತೀರಿ. ಇಳಿಪತ್ರವೂ ಹಾಗೆಯೇ, ತೆಂಗಿನಕಾಯಿ ಗಾತ್ರದ ಅರಳೆಯ ಉಂಡೆ, ಒಳಗೆ ಮಡಿಸಿದ ಕಾಗದ. ಉಳಿದೆಲ್ಲ ಸುದ್ದಿಯೂ ಕಣ್ಣು ಮಿಟುಕಿಸುವುದರೊಳಗೆ ಬರುವ ಕಾಲದಲ್ಲಿ ಆ ಶಾಲೆಯವರು ಇದೊಂದನ್ನು ಗಾಳಿಗೆ ಬಿಟ್ಟಿದ್ದರು. ಪತ್ರ ಬಂದವರು ಮೂರನೆಯ ದಿನದ ನೆರಳುಹೊತ್ತಿನೊಳಗೆ ಮಾಳಿಗೆಯ ಕಂಬಕ್ಕೆ ಒಪ್ಪುದಾರ ಕಟ್ಟಬೇಕು. ಅದು ಹಸಿರು ನೂಲು. ಮೇಲಿನಿಂದ ಅದನ್ನು ನೋಡಿ ಗುರುತು ಹಾಕಿಕೊಳ್ಳುತ್ತಾರೆ. ಕಟ್ಟದಿದ್ದರೆ ಸೀಟು ಮುಂದಿನ ಹೆಸರಿಗೆ.

ಆ ದಿನಗಳು ನಿದ್ದೆಯಲ್ಲಿ ನಡೆದಂತಿದ್ದವು. ಎಲ್ಲ ಮಾಳಿಗೆಗಳ ಮೇಲೂ ಹೆಂಗಸರು, ಎಲ್ಲರ ಮುಖವೂ ಮೇಲಕ್ಕೆ. ಒಂದೊಂದು ಅರಳೆಯುಂಡೆ ಇಳಿಯುವಾಗಲೂ ಬೀದಿಯೇ ಉಸಿರು ಬಿಗಿಹಿಡಿಯುತ್ತಿತ್ತು. ಕೊಕ್ಕರೆ ಹಾರಿದರೂ ಎದೆ ಹಾರುತ್ತಿತ್ತು. ಆರನೆಯ ದಿನ ನಾನೊಬ್ಬಳೇ ಬಟ್ಟೆ ತೆಗೆಯುತ್ತಿದ್ದಾಗ ಒಂದು ಉಂಡೆ ತೂಗಾಡುತ್ತಾ ಬಂದು ನನ್ನ ಪಾದದ ಬಳಿ ಕೂತಿತು. ಬಿಡಿಸಿದೆ. ಮೇಲೆ ಪರೀಕ್ಷೆಯ ದಿನ ಮಗು ಬರೆದ ಚಿತ್ರವನ್ನೇ ಮೊಹರಿನಂತೆ ಒತ್ತಿದ್ದರು. ಮೂರು ಕಾಲಿನ ಮೇಕೆ. ಪಾರಿಯ ಮೇಕೆ. ಗಾಳಿ ಒಂದು ಗೋಡೆ ತಪ್ಪಿತ್ತು.

ಅಜ್ಜಿ, ನಾನು ಅದನ್ನು ಕೆಳಗೆ ತಂದು ರಾಗಿಹಿಟ್ಟಿನ ಡಬ್ಬದಲ್ಲಿ ಹುಗಿದಿಟ್ಟೆ. ಯೋಚಿಸಿ ಮಾಡಿದೆನೆಂದೂ ಹೇಳಲಾರೆ, ಯೋಚಿಸದೆ ಮಾಡಿದೆನೆಂದೂ ಹೇಳಲಾರೆ. ಕೈ ಹಿಟ್ಟಿನೊಳಗೆ ಹೋದಾಗ ಅದು ನನ್ನದಲ್ಲದ ಕೈಯಂತೆ ಕಂಡಿತು.

ಮರುದಿನ ರುದ್ರಕ್ಕ ಗೋಡೆಯಾಚೆಯಿಂದ ಕೇಳಿದಳು: “ನಿಂಗೇನಾರ ಬಂತೇನೆ, ತಿಪ್ಪಿ?”

“ಇಲ್ಲಕ್ಕ.”

“ನಂಗೂ ಇಲ್ಲ. ಮುದ್ದೆ ಗಂಟಲಾಗೆ ಇಳಿಯಲ್ದು ಕಣೆ.”

ನಾನು ಬಟ್ಟೆ ಹಿಂಡಿದೆ. ಆಗಲೇ ಹಿಂಡಿದ್ದ ಬಟ್ಟೆಯನ್ನೇ ಮತ್ತೆ ಹಿಂಡಿದೆ.

ಪತ್ರ ಇಳಿದ ಮೂರನೆಯ ದಿನ ಬೆಳಗ್ಗೆ ಬೊಮ್ಮಿಯ ಮೂಗು ಸೋರಿತು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒದ್ದೆ ಬಟ್ಟೆ ಒತ್ತಿ ಹಿಡಿದಿದ್ದೆ. ಇನ್ನೊಂದು ಮಧ್ಯಾಹ್ನ ಕಳೆದರೆ ಇವಳು ತಂಪಿಗೆ ಹೋಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬಟ್ಟೆಯ ಅಡಿಯಿಂದ ಅವಳು ಕೇಳಿದಳು:

“ಅವ್ವಾ, ಹಿಟ್ಟಿನ ಡಬ್ಬದಾಗೆ ಪಾರಿ ಕಾಗ್ದ ಐತಲ್ಲ, ಅದನ್ನ ಯಾವಾಗ ಕೊಡ್ತೀಯ?”

ನಾನು ಬಟ್ಟೆಯ ಮಡಿಕೆ ಬದಲಿಸಿದೆ.

“ಹಬ್ಬದ ದಿನ ಕೊಡಾಕೆ ಅಂತ ಬಚ್ಚಿಟ್ಟೀಯಾ? ನೀನು ಇಡೋದ್ನ ನೋಡ್ದೆ, ಪಾರಿಗೆ ಹೇಳಿಲ್ಲ.”

ಅವಳ ದನಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ಅವ್ವ ಏನೋ ಒಳ್ಳೆಯದನ್ನೇ ಮಾಡುತ್ತಿದ್ದಾಳೆಂದು ನಂಬಿ ಎರಡು ದಿನ ಗುಟ್ಟು ಕಾಪಾಡಿದ್ದಳು. ರಕ್ತ ನಿಂತ ಮೇಲೆ ಎದ್ದು ಪತ್ರ ತೆಗೆದೆ, ಹಿಟ್ಟು ಕೊಡವಿದೆ, ಗೋಡೆ ದಾಟಿದೆ. ರುದ್ರಕ್ಕ ಕಸ ಗುಡಿಸುತ್ತಿದ್ದಳು. ಪೊರಕೆ ಅಲ್ಲೇ ಬಿದ್ದಿತು. “ಗಾಳಿ ನಿನ್ ಮಾಳ್ಗೆಗೆ ತಂದ್ ಹಾಕಿತ್ತಾ? ದೇವ್ರು ಬಂದಂಗೆ ಬಂದೆ ಕಣೆ!” ಎಂದು ನನ್ನನ್ನು ಅಪ್ಪಿಕೊಂಡು ಅತ್ತಳು. ಮೂರು ಗಂಟೆಗೆ ಅವಳ ಕಂಬದಲ್ಲಿ ಹಸಿರು ನೂಲು ಹಾರಾಡಿತು. ಸಂಜೆ ಬಿಸಿ ಹೋಳಿಗೆ ತಂದು ಮೊದಲು ನನ್ನ ಬಾಯಿಗಿಟ್ಟಳು. ಬೊಮ್ಮಿ ಎರಡು ತಿಂದು ಕೈ ನೆಕ್ಕಿದಳು. ನಾನು ನನ್ನದನ್ನು ನುಂಗಿದೆ.

ಹದಿಮೂರನೆಯ ಹೆಸರಿಗೆ ಪತ್ರ ಇಳಿಯಲೇ ಇಲ್ಲ. ಬೊಮ್ಮಿ ನೆಲಶಾಲೆಗೆ ಹೋದಳು. ಇನ್ನೂ ಐದು ಬೇಸಿಗೆ ಮೂಗು ಸೋರಿತು. ಒಂದೊಂದು ಸಲವೂ ಬಟ್ಟೆ ಹಿಡಿದು ಕೂತಾಗ ಪತ್ರ ಕೊಟ್ಟದ್ದೇ ಸರಿ ಎಂದು ನನಗೆ ಅನ್ನಿಸುತ್ತಿರಲಿಲ್ಲ; ಸುಳ್ಳೇಕೆ ಹೇಳಲಿ. ಹತ್ತನೆಯ ವರ್ಷಕ್ಕೆ ಅದು ತಾನಾಗೇ ನಿಂತಿತು. ಈಗ ಅವಳು ಹಿರಿಯೂರಿನಲ್ಲಿ ದನದ ಡಾಕ್ಟರು.

ಪಾರಿ ಮೇಲೆ ಹೋದ ಮೇಲೆ ರುದ್ರಕ್ಕ ದಿನವೂ ನೆರಳುಹೊತ್ತಿಗೆ ನಮ್ಮ ಮಾಳಿಗೆಗೆ ಬಂದು, ಕಡಲೆಕಾಯಿ ಸುಲಿಯುತ್ತಾ ಮೇಲಿನ ಮಗ್ಗಿಗೆ ಕಿವಿಗೊಡುತ್ತಿದ್ದಳು. ಎರಡು ವರ್ಷ ಪಕ್ಕದಲ್ಲಿ ಕೂತು ಸುಲಿದ ಮೇಲೆ ಒಂದು ಮಧ್ಯಾಹ್ನ ಹೇಳಿಬಿಟ್ಟೆ. ಅವಳ ಕೈ ನಿಂತಿತು.

“ಎಷ್ಟು ದಿನ?”

“ಎರಡು ದಿನ, ಅಕ್ಕ.”

ಮೊರ ಎತ್ತಿಕೊಂಡು ಹೋದಳು. ನಾಲ್ಕು ತಿಂಗಳು ಆ ಗೋಡೆಯನ್ನು ಯಾರೂ ದಾಟಲಿಲ್ಲ. ಆಮೇಲೆ ಒಂದು ಬೆಳಗ್ಗೆ ಕೈಯಲ್ಲಿ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡದೆ, “ಒಂದೀಟು ಹೆಪ್ಪು ಕೊಡು, ಮೊಸರು ಕೆಟ್ಟೈತೆ” ಎಂದಳು. ಕೊಟ್ಟೆ. ಆ ವಿಷಯ ನಾವು ಮತ್ತೆಂದೂ ಆಡಲಿಲ್ಲ.

ಹೋದ ಚೈತ್ರದಲ್ಲಿ ರುದ್ರಕ್ಕ ತೀರಿಕೊಂಡಳು. ಕಾರ್ಯ ಮುಗಿದ ಮೇಲೆ ಪಾರಿ ಬಂದು ನನ್ನ ಕಾಲಿಗೆರಗಿ, “ಅವ್ವ ಸಾಯೋಗಂಟ ಹೇಳ್ತಿದ್ಲು ಅತ್ತೆ, ನಿನ್ ಪತ್ರ ತಂದ್ಕೊಟ್ಟೋಳು ತಿಪ್ಪಮ್ಮ ಅಂತ” ಎಂದಳು. ಅಷ್ಟನ್ನೇ ಹೇಳಿದ್ದಳು ರುದ್ರಕ್ಕ. ಉಳಿದದ್ದನ್ನು ತನ್ನ ಜೊತೆಗೇ ಒಯ್ದಿದ್ದಳು. ಪಾರಿಯನ್ನು ಕೂರಿಸಿಕೊಂಡು ಉಳಿದದ್ದನ್ನು ನಾನೇ ಹೇಳಿದೆ. ಅವಳು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡೇ ಇದ್ದಳು.

ನಾಗವೇಣಿ ಅಜ್ಜಿ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಶಾಲೆಯ ಗೇಟಿನ ಬಳಿ ನಿಮ್ಮ ಪಕ್ಕದಲ್ಲಿ ನಿಂತಿರುವ ಇನ್ನೊಬ್ಬ ತಾಯಿಯನ್ನು ಮಾತಾಡಿಸಿ, ಅವಳ ಮಗುವಿನ ಹೆಸರು ಕೇಳಿಕೊಳ್ಳಿ. ಹೆಸರು ಗೊತ್ತಿದ್ದೂ, ಆ ಮಗು ನನ್ನ ಮನೆಯಲ್ಲೇ ಉಂಡಿದ್ದೂ, ನಾನು ಎರಡು ದಿನ ತಡ ಮಾಡಿದೆ. ಗೊತ್ತಿಲ್ಲದೇ ಇದ್ದಿದ್ದರೆ ಏನು ಮಾಡುತ್ತಿದ್ದೆನೋ!

ಹೋಗಿಬರುತ್ತೇನೆ.

ನಿಮ್ಮ ವಂಶದ ಕೂಸು,
ತಿಪ್ಪಮ್ಮ