ದೊರೆಸಾನಿಯ ಕುಂಟುಗಾಲು

ಭಾನುವಾರ, ಊಟವಾದ ಮೇಲೆ

ಮುದ್ದಿನ ಮಗಳಿಗೆ,

ನಾನೂ ನಿನ್ನ ಅಪ್ಪನೂ ಚೆನ್ನಾಗಿದ್ದೇವೆ. ಹೊಸ ಮನೆ ಸಿಗುವವರೆಗೆ ಎಂದು ನೀನು ನಮ್ಮ ತಲೆಗೆ ಕಟ್ಟಿ ಹೋದ ನಾಯಿ ಮಾತ್ರ ಕುಂಟುತ್ತಿದೆ. ಗಾಬರಿಯಾಗಬೇಡ, ಪೂರ್ತಿ ಓದು.

ಸೋಮವಾರ ಸೋಫಾದಿಂದ ಹಾರಿದ ದೊರೆಸಾನಿ ಹಿಂದಿನ ಬಲಗಾಲನ್ನು ಎತ್ತಿಕೊಂಡೇ ನಿಂತಳು. ನಿನ್ನ ಅಪ್ಪನ ವಿಷಯ ಗೊತ್ತಲ್ಲ, ಬಸ್ ಡಿಪೋದ ಮೆಕ್ಯಾನಿಕ್ ಕೆಲಸದಿಂದ ನಿವೃತ್ತರಾದರೂ ಕೈ ಸುಮ್ಮನಿರುವುದಿಲ್ಲ. ನೆಲದ ಮೇಲೆ ಅಂಗಾತ ಮಲಗಿ, ಅವಳ ಹೊಟ್ಟೆಯ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಇದರ ಸಸ್ಪೆನ್ಷನ್ ಹೋಗಿದೆ ಕಣೇ ಅಂದರು. ತಮ್ಮ ಮಂಡಿನೋವಿನ ಮಾತ್ರೆಯನ್ನೇ ಅರ್ಧ ಮಾಡಿ ಬೆಣ್ಣೆ ಸವರಿದ ಬ್ರೆಡ್ಡಿನಲ್ಲಿ ಹುದುಗಿಸಿದರು. ನಾನು ಗದರಿ, ನಾಯಿಗಳ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಮನುಷ್ಯರ ಮಾತ್ರೆ ಚೂರೂ ಕೊಡಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು, ಕಿಡ್ನಿಯೂ ಕೆಡಬಹುದು, ಮೊದಲು ಕರ್ಕೊಂಡು ಬನ್ನಿ ಅಂದರು. ಫೋನ್ ಇಟ್ಟು ತಿರುಗಿದರೆ ತಟ್ಟೆ ಖಾಲಿ! ನನ್ನ ಜೀವ ಬಾಯಿಗೆ ಬಂತು. ನೋಡಿದರೆ, ಯೋಚನೆಯಲ್ಲಿ ಮುಳುಗಿದ್ದ ನಿನ್ನ ಅಪ್ಪ ಆ ಬ್ರೆಡ್ಡನ್ನು ತಾವೇ ತಿಂದು ಬಾಯಿ ಒರೆಸಿಕೊಳ್ಳುತ್ತಿದ್ದರು.

ಡಾಕ್ಟರಮ್ಮ ಅವಳನ್ನು ನಡೆಸಿ ನೋಡಿ, ಕಾಲನ್ನು ಮೆಲ್ಲಗೆ ಅದುಮಿ, ಮಂಡಿಯೊಳಗಿನ ನಾರು, ಅದೇ ಲಿಗಮೆಂಟ್, ಎಳೆದುಕೊಂಡಿದೆ ಎಂದರು. ತೂಕ ಹಾಕಿದ ಮೇಲೆಯೇ ಔಷಧ ಬರೆದರು. ಅದನ್ನು ಊಟದ ಜೊತೆಗೇ ಕೊಡಬೇಕಂತೆ. ವಾಂತಿಯಾದರೆ, ಮಲ ಕಪ್ಪಗಾದರೆ ನಿಲ್ಲಿಸಿ ಫೋನ್ ಮಾಡಬೇಕಂತೆ. ನೋವು ಇಳಿಯಿತೆಂದು ಓಡಲು ಬಿಡಬಾರದಂತೆ. ತೂಕ ಯಾಕೆ ಇಷ್ಟು ಏರಿದೆ ಅಂತ ಅವರು ಕೇಳಿದಾಗ ಅಪ್ಪ ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ.

ಅವಳು ಹತ್ತಬಾರದೆಂದು ಸೋಫಾದ ಮೇಲೆ ಕುರ್ಚಿಗಳನ್ನು ತಲೆಕೆಳಗಾಗಿ ಪೇರಿಸಿದ್ದೇವೆ. ಬಂದವರು ನಿಂತೇ ಮಾತಾಡಿಸಿ ಹೋಗುತ್ತಾರೆ. ನನ್ನ ಹಾಸಿಗೆಯನ್ನು ನೆಲಕ್ಕೆ ಇಳಿಸಿದ್ದೇವೆ, ಅದರಲ್ಲಿ ಅವಳು ಗೊರಕೆ ಹೊಡೆಯುತ್ತಾಳೆ. ನಾಯಿ ಕಂಡರೆ ನನಗಾಗದು ಎಂಬುದು ನಿನಗೆ ಗೊತ್ತೇ ಇದೆ. ಏನೋ, ಒಪ್ಪಿಕೊಂಡ ತಪ್ಪಿಗೆ ಮಾಡುತ್ತಿದ್ದೇನೆ.

ಮುಂದಿನ ವಾರ ಬಂದು ಕರೆದೊಯ್ಯುತ್ತೇನೆ ಎಂದಿದ್ದೆಯಲ್ಲ, ಅವಳು ಪ್ರಯಾಣ ಮಾಡುವ ಹಾಗೇ ಇಲ್ಲ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ. ಅವರ ಮಾತು ಮೀರುವುದುಂಟೇ?

ಇಂತಿ, ನಿನ್ನ ಒಳ್ಳೆಯದನ್ನೇ ಬಯಸುವ
ಅಮ್ಮ

ವಿ.ಸೂ.: ಕವರು ಅಂಟಿಸಲು ಮನಸ್ಸು ಒಪ್ಪಲಿಲ್ಲ. ಕಾರಿನಲ್ಲಿ ಮಲಗಿಸಿಕೊಂಡು ಹೋದರೆ ಏನೂ ತೊಂದರೆಯಿಲ್ಲ ಎಂದೇ ಡಾಕ್ಟರಮ್ಮ ಹೇಳಿದ್ದು. ಕೇಳಿದ ಕೂಡಲೇ ನನಗೆ ಅಳು ಬಂತು. ಅವರು ನಾಯಿಯನ್ನು ಬಿಟ್ಟು ನನ್ನನ್ನು ಕೂರಿಸಿ ನೀರು ಕೊಟ್ಟರು. ನೀನು ಬಾ ಮಗಳೇ, ಕಾರು ಮಾತ್ರ ತರಬೇಡ.