ಕಣ್ಣೆದುರಿದ್ದರೂ ಸಿಗದ ಗ್ರಾಫಿಕ್ಸ್ ಕಾರ್ಡ್

ಇಸವಿ ೨೨೧೬, ಎರಡನೇ ಆಷಾಢ, ಮೂವತ್ತೆಂಟನೇ ದಿನ
ಕೋಲಾರದ ಒಳಊರು

ಹಿಂದಿನ ಕಾಲದ ಹಿರಿಯರಿಗೆ ಸೊಣ್ಣಪ್ಪನ ನಮಸ್ಕಾರಗಳು.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗಲಾರದು. ನನ್ನ ಕನ್ನಡವೂ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಬೇಕು. ಮೇಲಿನ ಬಿಸಿಲು ತಾಳಲಾರದೆ ನಮ್ಮವರು ಹಳೆಯ ಚಿನ್ನದ ಗಣಿಗಳೊಳಗೆ ಇಳಿದು ತಲೆಮಾರುಗಳೇ ಕಳೆದಿವೆ. ಈ ನೆಲದಡಿಯ ಊರನ್ನೇ ಒಳಊರು ಎನ್ನುತ್ತೇವೆ. ಇಲ್ಲಿ ಅಣಬೆ ಬೆಳೆಯುತ್ತೇವೆ, ರಾಗಿಯನ್ನು ಮೇಲಿನಿಂದ ತರಿಸುತ್ತೇವೆ. ಮನೆಮನೆಗೆ ದಿನಕ್ಕಿಷ್ಟೆಂದು ಹಂಚುವ ವಿದ್ಯುತ್ತಿಗೆ ಬೆಳಕುಬುತ್ತಿ ಎಂದು ಹೆಸರು. ನನ್ನ ಅಕ್ಕ ಗಂಗುಲಮ್ಮ ಊರಿನ ಗೋಡೆಗಳನ್ನು ಕಾಯುವವಳು. ಎಲ್ಲಿ ಅಗೆಯಬಹುದು, ಎಲ್ಲಿ ಕೂಡದು ಎಂದು ಹೇಳುವ ಹೊಣೆ ಅವಳದು.

ಈ ವರ್ಷ ಮಕ್ಕಳು ಹೆಚ್ಚಾದ್ದರಿಂದ ಶಾಲೆಯ ಬಡಗಣ ಗೋಡೆ ಒಡೆದು ಇನ್ನೊಂದು ಕೋಣೆ ಮಾಡಬೇಕೆಂದು ಊರು ತೀರ್ಮಾನಿಸಿತು. ಆಚೆ ನೀರು ತುಂಬಿದ ಸುರಂಗವಿರಬಹುದೆಂದು ಅಕ್ಕನಿಗೆ ಅನುಮಾನ. ಗಣಿಯ ನಕ್ಷೆ ಇರುವುದು ನಿಮ್ಮ ಕಾಲದ ಒಂದು ಕಂಪ್ಯೂಟರಿನಲ್ಲಿ. ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆ ನಕ್ಷೆ ತೆರೆಯುವುದಿಲ್ಲ. ಕಾರ್ಡ್ ಇತ್ತು. ಅದರ ಫ್ಯಾನೂ ತಿರುಗುತ್ತಿತ್ತು. ಕಂಪ್ಯೂಟರ್ ಮಾತ್ರ ಕಾರ್ಡ್ ಸಿಕ್ಕಿಲ್ಲ ಎಂದೇ ತೋರಿಸುತ್ತಿತ್ತು.

ನಾನು ಕೈಯಿಂದ ಮುಟ್ಟುತ್ತಿರುವುದನ್ನು ಅದು ಇಲ್ಲವೆನ್ನುವುದು ಹೇಗೆ? ಕೆಟ್ಟಿರುವುದು ಕಾರ್ಡೋ, ಕಂಪ್ಯೂಟರೋ? ಕಾರ್ಡ್ ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನು ಒಣಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿದೆವು. ಏನೂ ಬದಲಾಗಲಿಲ್ಲ.

"ನಮ್ಗೆ ಕಾಣ್ತೈತೆ, ಅದುಕ್ಕೆ ಕಾಣ್ತಿಲ್ಲ," ಎಂದಳು ಅಕ್ಕ. "ಈಗ ಯಾರುನ್ನ ನಂಬೋದು ಸೊಣ್ಣಪ್ಪ?"

ನಾನು ಬೇಸತ್ತು ಕಾರ್ಡನ್ನು ಕೆಳಗಿನ ಸ್ಲಾಟಿಗೆ ಬದಲಿಸಿದೆ. ಅಷ್ಟರಲ್ಲಿ ಅಕ್ಕ ಒಳಗಿನ ಗುಂಡು ಬ್ಯಾಟರಿಯನ್ನು ತೆಗೆದು ಮತ್ತೆ ಹಾಕಿ, ಕಾರ್ಡಿನ ಪವರ್ ಕೇಬಲ್ಲನ್ನೂ ಬಿಗಿಯಾಗಿ ಒತ್ತಿದ್ದಳು. ಸ್ವಿಚ್ ಹಾಕಿದರೆ ನಕ್ಷೆ ಬಂತು! ಬಡಗಣ ಗೋಡೆಯ ಹಿಂದೆ ದೊಡ್ಡ ಸುರಂಗ, ಅದರ ತುಂಬ ನೀರಿನ ನೀಲಿ. ಊರಿಗೆಲ್ಲ ತೋರಿಸಲೆಂದು ಕಂಪ್ಯೂಟರನ್ನು ಶಾಲೆಗೇ ಹೊತ್ತು ತಂದೆವು. ಅಲ್ಲಿ ಮತ್ತೆ ಅದೇ ಮಾತು, ಕಾರ್ಡ್ ಸಿಕ್ಕಿಲ್ಲ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಲಪತಿ ಮೇಷ್ಟ್ರು ಒಳ್ಳೆಯವರು. ಮಕ್ಕಳು ಕಾಲು ಮಡಿಸಲೂ ಜಾಗವಿಲ್ಲದೆ ಕೂರುವುದನ್ನು ದಿನವೂ ನೋಡುವವರು. ಒಮ್ಮೆ ಕಂಡು ಮತ್ತೆ ಕಾಣದ್ದನ್ನು ನಂಬುವುದು ಹೇಗೆಂದು ಕೇಳಿದರು. ಆ ಹೊತ್ತಿಗೆ ನಾನು ಕಂಡದ್ದು ನಕ್ಷೆಯೋ ನನ್ನ ಹೆದರಿಕೆಯೋ ಎಂದು ನನಗೇ ಅನುಮಾನ ಹುಟ್ಟಿತ್ತು. ಅಕ್ಕ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತಳು.

"ನಾನೂ ತಪ್ಪು ನೋಡಿರ್ಬೋದು ಮೇಷ್ಟ್ರೇ. ಅದುಕ್ಕೇ ಒಡೀಬ್ಯಾಡಿ ಅಂತಿರೋದು. ಮೊದ್ಲು ಒಂದು ಸಣ್ಣ ತೂತು ಕೊರೆದು ನೋಡಾನ."

ಮೇಷ್ಟ್ರೇ ಬೈರಿಗೆ ಹಿಡಿದರು. ಕಲ್ಲಿನ ಪುಡಿ ಬರಬರುತ್ತ ಒದ್ದೆಯಾಯಿತು. ಆಮೇಲೆ ಬೆರಳು ದಪ್ಪದ ನೀರು ಚಿಮ್ಮಿ ಅವರ ಎದೆಗೆ ಹೊಡೆಯಿತು. ಅವರು ಬೈರಿಗೆ ಬಿಟ್ಟು ಎರಡೂ ಕೈಗಳಿಂದ ತೂತನ್ನು ಒತ್ತಿ ಹಿಡಿದರು. ಮರದ ಬೆಣೆ ಬಡಿದು ನೀರು ನಿಲ್ಲಿಸಿದ ಮೇಲೂ ಅವರ ಕೈ ಗೋಡೆಯನ್ನು ಬಿಡಲಿಲ್ಲ. ಒಡೆದಿದ್ದರೆ ಮಕ್ಕಳು ಎಲ್ಲಿಗೆ ಓಡುತ್ತಿದ್ದರೆಂದು ಅಕ್ಕನನ್ನು ಮೆಲ್ಲಗೆ ಕೇಳಿದರು. ಅವಳು ಅವರ ಹೆಗಲ ಮೇಲೆ ಒಣ ಟವೆಲು ಹೊದಿಸಿದಳು.

ಕಂಪ್ಯೂಟರಿಗೆ ಮಾತ್ರ ಕಾರ್ಡ್ ಇವತ್ತಿಗೂ ಸಿಕ್ಕಿಲ್ಲ. ನಾವು ಮಾಡಿದ್ದರಲ್ಲಿ ಯಾವುದು ಫಲಿಸಿತೋ, ಹೊತ್ತು ತರುವಾಗ ಏನು ಕೆಡಿಸಿದೆವೋ ತಿಳಿಯದು. ಇನ್ನೂ ಎಷ್ಟೋ ಗೋಡೆಗಳಿವೆ, ಅವುಗಳಾಚೆ ಏನಿದೆಯೋ ಅದೂ ತಿಳಿಯದು. ಹಿರಿಯರೇ, ಒಂದು ಕೋರಿಕೆ. ನೀರಿರುವ ಜಾಗವನ್ನು ಕಂಪ್ಯೂಟರಿನಲ್ಲಷ್ಟೇ ಬರೆದಿಡದೆ ಕಲ್ಲಿನ ಮೇಲೂ ಒಂದು ಗೆರೆ ಕೆತ್ತಿ ಹೋಗಿ, ಕತ್ತಲೆಯಲ್ಲಿ ತಡವಿದರೂ ಕೈಗೆ ಸಿಗುವಷ್ಟು ಆಳವಾಗಿ.

ಇಂತಿ,
ಸೊಣ್ಣಪ್ಪ