ಅಧ್ಯಕ್ಷರ ಗೇಟಿನ ದೂರುಪೆಟ್ಟಿಗೆ

ಇನ್‌ಸ್ಪೆಕ್ಟರ್ ಸಾಹೇಬರಿಗೆ, ಮೂಲೆ ಅಂಗಡಿಯ ದರ್ಜಿ ಬರೆದುಕೊಂಡದ್ದು.

ವರ್ಷವಿಡೀ ಒಂದೂ ದೂರು ಬಂದಿಲ್ಲವೆಂದು ನಮ್ಮ ಬೀದಿಯ ಸುರಕ್ಷತಾ ಸಮಿತಿಯ ಅಧ್ಯಕ್ಷರಿಗೆ ನಿನ್ನೆ ಪದಕ ಕೊಟ್ಟಿರಿ. ನೋಡಿ ಕಣ್ಣು ತಂಪಾಯಿತು. ನೀವೂ ಅವರೂ ಸೇರಿ ದೂರುಪೆಟ್ಟಿಗೆ ನೇತುಹಾಕಿದ್ದು ಅವರದೇ ಗೇಟಿಗೆ. ಅವರ ನಾಯಿಯನ್ನು ಕಟ್ಟುವುದೂ ಅಲ್ಲೇ. ಬೀದಿಯವರ ದೂರೆಲ್ಲ ಆ ನಾಯಿಯ ಮೇಲೆ. ಚೀಟಿ ಹಾಕಲು ಹೋದವರ ಹರಿದ ಬಟ್ಟೆ ನೇರ ನನ್ನ ಅಂಗಡಿಗೆ ಬರುತ್ತದೆ.

ಪೆಟ್ಟಿಗೆ ತೆರೆಯಲು ನೀವು ಕಳಿಸುವ ಪೇದೆಯೂ ಪ್ಯಾಂಟು ತಂದುಕೊಟ್ಟರು. "ಬೇಗ ಹೊಲಿದ್ಕೊಡಿ ಅಕ್ಕಾ, ಸಾಹೇಬ್ರಿಗೆ ಗೊತ್ತಾಗ್ಬಾರ್ದು."

"ಪೆಟ್ಟಿಗೆ ತೆಗೆದ್ರಾ?"

"ನನಗೇನು ತಲೆ ಕೆಟ್ಟಿದ್ಯಾ? ಪ್ರತಿ ವಾರ ದೂರಿಲ್ಲ ಅಂತ ಬರೆದ್ಬಿಡ್ತೀನಿ."

ಆ ಪ್ಯಾಂಟನ್ನು ಹೊಲಿಯದೆ ಈ ಪತ್ರದ ಜೊತೆ ಕಳಿಸಿದ್ದೇನೆ. ದಯವಿಟ್ಟು ಮುಂದಿನ ಸಭೆಯಲ್ಲಿ ಪದಕದ ಪಕ್ಕದಲ್ಲೇ ನೇತುಹಾಕಿ.

ನಿಮ್ಮ ಸುರಕ್ಷಿತ ಬೀದಿಯಲ್ಲಿ ಇನ್ನೂ ಕಚ್ಚಿಸಿಕೊಳ್ಳದ,
ದರ್ಜಿ